ಮುಂದಿನ ಗುರುವಾರ ಬಾ

ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ನದಿಯಿಂದ ಎದ್ದ ಮಂಜು ನಮ್ಮ ಚರ್ಚಿನ ನೆಲಮಾಳಿಗೆಯ ಸಣ್ಣ ಕಿಟಕಿಗಳಿಗೆ ಅಂಟಿಕೊಂಡಿತ್ತು. ಒಳಗೆ ಒಲೆಗಳೆಲ್ಲ ಹೊತ್ತಿ, ಬೆಂದ ಆಲೂಗೆಡ್ಡೆಯ ಹಬೆ, ಬೆಣ್ಣೆಯಲ್ಲಿ ಬಾಡುತ್ತಿದ್ದ ಈರುಳ್ಳಿಯ ವಾಸನೆ. ಬುಧವಾರವೆಂದರೆ ನಮ್ಮಲ್ಲಿ ಚರ್ಚಿನ ಖರ್ಚಿಗೆ ಪಿರೋಹಿ ಮಾಡಿ ಮಾರುವ ದಿನ. ಉದ್ದ ಮೇಜಿನ ಎರಡೂ ಬದಿಗೆ ಹೆಂಗಸರು ಕೂತು, ಹಿಟ್ಟಿನ ಬಿಲ್ಲೆಯ ಮೇಲೆ ಆಲೂಗೆಡ್ಡೆ ಚೀಸಿನ ಹೂರಣವಿಟ್ಟು, ಕರ್ಜಿಕಾಯಿಯ ಹಾಗೆ ಮಡಚಿ, ಅಂಚನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಮುಚ್ಚುತ್ತಾ ಹೋಗುತ್ತಾರೆ. ಗೆಡ್ಡೆ ಸುಲಿಯುವುದು, ಬೇಯಿಸುವುದು ಗಂಡಸರ ಕೆಲಸ. ಕುದಿಯುವ ಕೊಪ್ಪರಿಗೆ ನನ್ನ ಪಾಲಿನದು.

ಆ ದಿನ ನನ್ನ ಕೊಪ್ಪರಿಗೆಯಲ್ಲಿ ಪಿರೋಹಿಗಳು ಬಾಯಿ ಬಿಟ್ಟವು. ಒಂದಲ್ಲ, ಎರಡಲ್ಲ, ಹೂರಣವೆಲ್ಲ ನೀರಿಗೆ ಬಿದ್ದು ಬೆಳ್ಳಗೆ ಕದಡಿಹೋಯಿತು.

"ಯಾರದ್ರೇ ಇವು ಬಾಯಿ ಬಿಡ್ತಿರೋದು? ನೀರೆಲ್ಲಾ ಗಂಜಿ ಆಯ್ತು ನೋಡ್ರೇ!" ಎಂದು ಅಡುಗೆಮನೆಯ ಯಜಮಾನಿ ಆನಾ ಕೂಗಿದಳು.

"ಬಂದಾಗಿಂದ ನಿನ್ನ ಬಾಯಿ ಕೇಳ್ತಾ ಕೂತಿವೆಯಲ್ಲಾ ಆನಾ, ನೋಡಿ ಕಲ್ತಿವೆ" ಎಂದು ಮೇಜಿನ ಆ ತುದಿಯಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ನಾನು ಜಾಲರಿ ಸೌಟಿನಲ್ಲಿ ಒಂದನ್ನು ಎತ್ತಿ ನೋಡಿದೆ. ನಮ್ಮ ಹೆಂಗಸರ ಚಿವುಟು ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬಳದು ಅಗಲ, ಒಬ್ಬಳದು ಓರೆ. ಇದು ಸಣ್ಣದಾಗಿ, ಒತ್ತೊತ್ತಾಗಿ, ಹೊಸೆದ ಹಗ್ಗದ ಹಾಗೆ ಇತ್ತು. ಟೆಕ್ಲಾಳದು. ತಲೆ ಎತ್ತಿ ಅವಳ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಹಿಟ್ಟು ಮೆತ್ತಿದ ತನ್ನ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ನೀರು ಜಾಸ್ತಿ ಕುದೀತಿತ್ತು. ನಾನೇ ನೋಡ್ಲಿಲ್ಲ" ಎಂದೆ.

"ಈ ವಯಸ್ಸಲ್ಲಿ ನಿಂಗೆ ನೀರು ಕುದ್ಸೋದನ್ನೂ ಹೇಳ್ಕೊಡ್ಬೇಕಾ ಮಿಟ್ರೋ?" ಎಂದಳು ಆನಾ.

ಟೆಕ್ಲಾ ನನ್ನ ಗೆಳೆಯ ಆಂಡ್ರೇ ಹ್ರಿನ್ಯಾಕನ ಮಗಳು. ಅವಳು ನನ್ನನ್ನು ಉಯ್ಕೋ ಎಂದು ಕರೆಯುತ್ತಿದ್ದಳು. ಹಾಗೆಂದರೆ ಸೋದರಮಾವ. ರಕ್ತಸಂಬಂಧವೇನಿಲ್ಲ. ಅವಳಪ್ಪ ಗಣಿಯಲ್ಲಿ, ನಾನು ತಂತಿ ಗಿರಣಿಯಲ್ಲಿ. ಅವನು ಸತ್ತಾಗ ಅವಳಿಗೆ ಮದುವೆಯಾಗಿ ವರ್ಷಗಳೇ ಆಗಿದ್ದವು. ಆದರೂ ಆ ದಿನದಿಂದ ಏನಿದ್ದರೂ ನನ್ನ ಹತ್ತಿರ ಬಂದು ಹೇಳುವಳು. ನವೆಂಬರಿನಲ್ಲಿ ಪಟ್ಟಣದ ದೊಡ್ಡ ಡಾಕ್ಟರನ್ನು ಕಂಡು ಬಂದವಳೂ ಕಾರನ್ನು ಮೊದಲು ನಮ್ಮ ಮನೆ ಮುಂದೆ ನಿಲ್ಲಿಸಿದಳು.

"ನರದ ಕಾಯಿಲೆಯಂತೆ ಉಯ್ಕೋ. ಔಷಧಿ ಇಲ್ವಂತೆ. ಮೊದ್ಲು ಹೆಬ್ಬೆರಳು, ತೋರುಬೆರಳು. ಆಮೇಲೆ ಕೈ. ಆಮೇಲೆ ಕಾಲು, ಮಾತು, ನುಂಗೋದು, ಉಸಿರು. ಒಂದೊಂದಾಗಿ ಹೋಗ್ತಾವಂತೆ."

ನಾನು ಕಾಫಿ ಬಗ್ಗಿಸಿ ಮುಂದಿಟ್ಟೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದಳು.

"ಮಾರ್ಚ್ ಕೊನೇ ಗುರುವಾರ ಅಪ್ಪನ ಹೆಸರಿನ ಪಂದ್ಯ ಇದೆಯಲ್ಲಾ. ಅದನ್ನೊಂದು ಅಪ್ಪನ ಪಿಸ್ತೂಲಲ್ಲಿ, ಇದೇ ಬಲಗೈಯಲ್ಲಿ, ಮೊದಲಿಂದ ಕೊನೇವರ್ಗೂ ಹೊಡೀಬೇಕು. ಅಷ್ಟಾದ್ಮೇಲೆ ಈ ಕೈ ಎಲ್ಲಿಗ್ ಬೇಕಾದ್ರೂ ಹೋಗ್ಲಿ."

ಅಗ್ನಿಶಾಮಕ ದಳದ ಸಭಾಂಗಣದ ಕೆಳಗೆ ಉದ್ದನೆಯ, ತಗ್ಗು ಚಾವಣಿಯ ಕೋಣೆಯೊಂದಿದೆ. ಚಳಿಗಾಲವಿಡೀ ಗುರುವಾರ ಸಂಜೆ ಅಲ್ಲಿ ನಮ್ಮ ಪಿಸ್ತೂಲು ಲೀಗು. ಒಂದು ಕೈ ಚಾಚಿ, ಇನ್ನೊಂದನ್ನು ಜೇಬಿನಲ್ಲಿಟ್ಟು, ಸಾಲಾಗಿ ನಿಂತು ಕಾಗದದ ಗುರಿಗೆ ಹೊಡೆಯುವುದು. ಹ್ರಿನ್ಯಾಕ್ ಶುರುಮಾಡಿದ್ದು. ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಟ್ರಿಗರ್ ತೀರ ಹಗುರಾಗಿದ್ದರೆ ಗುರಿ ಹಿಡಿಯುವುದು ಸುಲಭ. ಆದರೆ ಅಂಥ ಪಿಸ್ತೂಲು ಯಾವಾಗ ಹಾರುತ್ತದೋ ಹೇಳಲಾಗದು. ಅದಕ್ಕೆ ಪಂದ್ಯಕ್ಕೆ ಮುಂಚೆ ಪ್ರತಿಯೊಂದನ್ನೂ ತೂಗಬೇಕು. ಖಾಲಿ ಪಿಸ್ತೂಲಿನ ಹಿಂದೆ ತೋಟಾಕ್ಕೆ ಬಡಿಯುವ ಹ್ಯಾಮರನ್ನು ಎತ್ತಿ, ಕೊಳವೆ ಮೇಲ್ಮುಖವಾಗಿ ಹಿಡಿದು, ಟ್ರಿಗರಿಗೆ ಎರಡು ಪೌಂಡಿನ ತೂಕ ಸಿಕ್ಕಿಸಿ ಮೇಜಿನಿಂದ ಮೆಲ್ಲಗೆ ಎತ್ತಬೇಕು. ತೂಕ ಮೇಲೆದ್ದು ತೂಗಾಡಿದರೆ ಸರಿ. ಟಕ್ ಎಂದು ಹ್ಯಾಮರ್ ಬಿದ್ದರೆ ಆ ಪಿಸ್ತೂಲು ಆ ದಿನ ಸಾಲಿಗೆ ಬರುವಂತಿಲ್ಲ. ಎರಡು ಸಲ ನೋಡಬಹುದು. ಮೂರನೆಯದಿಲ್ಲ.

ಆ ತೂಕವನ್ನು ಎರಕ ಹೊಯ್ದವನು ಹ್ರಿನ್ಯಾಕನೇ. ಗುರಿಯ ಹಿಂದಿನ ಮರಳಿನಲ್ಲಿ ಹೂತಿದ್ದ ಗುಂಡುಗಳನ್ನು ಆರಿಸಿ, ಕರಗಿಸಿ, ಹಳೆಯ ಬೀನ್ಸ್ ಡಬ್ಬಿಗೆ ಸುರಿದಿದ್ದ. ಡಬ್ಬಿಯ ಉಂಗುರಗಳು ಸೀಸದ ಮೈಮೇಲೆ ಇವತ್ತಿಗೂ ಕಾಣುತ್ತವೆ. ಮೊದಲೆಲ್ಲ ಅವನೇ ತೂಗುತ್ತಿದ್ದ. ಅವನ ಪಿಸ್ತೂಲನ್ನು ಮಾತ್ರ ಟೆಕ್ಲಾ ತೂಗುವಳು, ಯಾಕೆಂದರೆ ಅವರವರದನ್ನು ಅವರವರೇ ತೂಗುವಂತಿಲ್ಲ. ಒಂದು ಸಲ, ಆಗಿನ್ನೂ ಅವಳು ಎರಡು ಜಡೆಯ ಹುಡುಗಿ, ಅಪ್ಪನದೇ ಟಕ್ ಎಂದಿತು. ಎರಡು ಸಲವೂ. ಹುಡುಗಿ ತೂಕವನ್ನು ಮೇಜಿನ ಮೇಲಿಟ್ಟು, "ಅಪ್ಪಾ, ಮುಂದಿನ ಗುರುವಾರ ಬಾ" ಎಂದಳು. ಹ್ರಿನ್ಯಾಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ, "ನೋಡ್ದೇನೋ ಮಿಟ್ರೋ? ಅಪ್ಪ ಅಂತ ಒಂದು ಚೂರಾದ್ರೂ ಬಿಟ್ಟಳಾ?" ಎಂದು ಹೇಳಿದ್ದನ್ನೇ ಹೇಳಿದ. ಅಂದಿನಿಂದ ತೂಕ ಅವಳ ಕೈಗೆ ಬಂತು. ಅಪ್ಪ ಹೋದ ಮೇಲೆ ಪಿಸ್ತೂಲೂ ಬಂತು. ಅವಳದನ್ನು ನಾನು ತೂಗುತ್ತಿದ್ದೆ. ಯಾರದು ಬಿದ್ದರೂ ಅವಳ ಮಾತು ಅದೊಂದೇ, ಮುಂದಿನ ಗುರುವಾರ ಬಾ. ಸಿಟ್ಟೂ ಇಲ್ಲ, ಕುಹಕವೂ ಇಲ್ಲ.

ಅವಳ ಗಂಡ ಡೆಲ್ಬರ್ಟ್ ನಮ್ಮ ಚರ್ಚಿನವನಲ್ಲ. ಬೆಟ್ಟದಾಚೆಯ ರೈತರ ಮನೆಯವನು, ಶಾಲೆಯ ಬಸ್ಸು ಓಡಿಸುತ್ತಿದ್ದ. ಪಿಸ್ತೂಲು ಮುಟ್ಟಿದವನೇ ಅಲ್ಲ. ಗುರುವಾರ ಅವಳ ಪೆಟ್ಟಿಗೆ ಹೊತ್ತು ತಂದು, ಕಿವಿಗೆ ಹತ್ತಿ ತುರುಕಿಕೊಂಡು, ಹಿಂದಿನ ಬೆಂಚಿನಲ್ಲಿ ಪತ್ರಿಕೆ ಓದುತ್ತಾ ಕೂರುವನು. ಮೊದಲ ಹಿಮ ಬಿದ್ದ ವಾರ ಅವನು ನಮ್ಮ ಮನೆಗೆ ಬಂದ. ಟೋಪಿ ಕೈಯಲ್ಲಿತ್ತು.

"ಮಿಟ್ರೋ, ಟ್ರಿಗರ್ ಹಗುರ ಮಾಡೋದನ್ನ ಹೇಳ್ಕೊಡು."

"ಅವಳ ಪಿಸ್ತೂಲ್ ತಾನೇ? ತಂದ್ಕೊಡು, ನಾನೇ ಮಾಡಿಡ್ತೀನಿ."

"ಬೇಡ. ನಾನೇ ಮಾಡ್ಬೇಕು."

"ಬಸ್ಸಿನ ವೈಪರ್ ಬದಲಾಯ್ಸಕ್ಕೂ ಮೆಕ್ಯಾನಿಕ್ ಕರೀತೀಯಂತಲ್ಲೋ ನೀನು."

"ಹೂಂ, ಕರೀತೀನಿ" ಎಂದ. ನಗಲಿಲ್ಲ. "ಇದನ್ನ ಮಾತ್ರ ನಾನೇ ಮಾಡ್ಬೇಕು."

ಹಿತ್ತಲ ಕೋಣೆಯ ಬೆಂಚಿಗೆ ಕರೆದುಕೊಂಡು ಹೋದೆ. ನನ್ನ ಹತ್ತಿರ ಹಾಳಾದ ಹಳೆಯ ಪಿಸ್ತೂಲೊಂದಿತ್ತು. ಅದನ್ನು ಬಿಚ್ಚಿ, ಹ್ಯಾಮರನ್ನೂ ಅದನ್ನು ತಡೆದು ನಿಲ್ಲಿಸುವ ಕೊಕ್ಕೆಯನ್ನೂ ಅವನ ಅಂಗೈಯಲ್ಲಿಟ್ಟೆ.

"ಟ್ರಿಗರ್ ಎಳೆದಾಗ ಈ ಕೊಕ್ಕೆ ಈ ಮೆಟ್ಟಿಲಿಂದ ಜಾರತ್ತೆ. ಅಷ್ಟೇ ಇರೋದು. ಜಾರೋ ಜಾಗ ಒರಟಾಗಿದ್ರೆ ಬೆರಳಿಗೆ ಭಾರ ಅನ್ಸತ್ತೆ. ಮೊದ್ಲು ನುಣುಪು ಮಾಡೋದು ಕಲಿ. ನುಣುಪಾದ್ರೆ ಅರ್ಧ ಹಗುರ ಆದ ಹಾಗೇ. ಹಗುರ ಮಾಡೋ ಮಾತು ಆಮೇಲೆ."

ಕೊಕ್ಕೆಯ ಮುಖಕ್ಕೆ ಕಪ್ಪು ಶಾಯಿ ಬಳಿದು, ಸಾಣೆಕಲ್ಲನ್ನು ಎಣ್ಣೆಯಲ್ಲಿ ಅದ್ದಿ, ಒಂದೇ ಒಂದು ಸಲ ಎಳೆದು ತೋರಿಸಿದೆ. ಶಾಯಿ ಎಲ್ಲಿ ಹೋಯಿತೋ ಅಲ್ಲಿ ಉಬ್ಬಿದೆ, ಎಲ್ಲಿ ಉಳಿಯಿತೋ ಅಲ್ಲಿ ತಗ್ಗಿದೆ. ಕಲ್ಲು ಅಲುಗಬಾರದು, ಕೋನ ಬದಲಾಗಬಾರದು. ಅವನ ಬಸ್ಸಿನ ಸ್ಟೀರಿಂಗ್ ಹಿಡಿಯುವ ದಪ್ಪ ಬೆರಳುಗಳಲ್ಲಿ ಆ ಕೊಕ್ಕೆ ಅಕ್ಕಿಕಾಳಿನ ಹಾಗೆ ಕಾಣುತ್ತಿತ್ತು.

"ಇನ್ನೊಂದು ಮಾತು ಸರಿಯಾಗಿ ಕೇಳ್ಸ್ಕೋ. ಈ ಉಕ್ಕಿಗೆ ಗಟ್ಟಿತನ ಇರೋದು ಮೇಲ್ಗಡೆ ಮಾತ್ರ. ಸುಟ್ಟು ಹದ ಹಾಕಿರೋ ತೆಳ್ಳನೆ ಚರ್ಮ. ಒಳಗೆಲ್ಲಾ ಮೆತ್ತಗೆ. ಚರ್ಮ ದಾಟಿದ್ಯೋ, ಮುಗೀತು."

"ದಾಟಿದ್ದು ಹೆಂಗ್ ಗೊತ್ತಾಗತ್ತೆ?"

"ಆಗ್ಲೇ ಗೊತ್ತಾಗಲ್ಲ, ಅದೇ ಕಷ್ಟ. ದಾಟಿದ ದಿನ ಟ್ರಿಗರ್ ಬೆಣ್ಣೆ ಥರ ಇರತ್ತೆ. ಇಂಥಾದ್ದು ಜನ್ಮದಲ್ಲಿ ಕಂಡಿಲ್ಲ ಅನ್ಸತ್ತೆ. ಆಮೇಲೆ ಎಳೆದ ಹಾಗೆಲ್ಲಾ ಒಳಗಿನ ಮೆತ್ತನೆ ಉಕ್ಕು ಸವೀತಾ ಹೋಗತ್ತೆ. ಕೊನೆಗೆ ಕೊಕ್ಕೆಗೆ ಹಿಡ್ಕೊಳಕ್ಕೇ ಏನೂ ಇರಲ್ಲ."

ಡಿಸೆಂಬರ್ ಪೂರ್ತಿ ಅವನು ನನ್ನ ಬೆಂಚಿನಲ್ಲಿ ಹಳೆಯ ಕಬ್ಬಿಣ ಉಜ್ಜಿದ. ಮೊದಲನೆಯದರ ಅಂಚು ದುಂಡಗೆ ಮಾಡಿಟ್ಟ. ಎರಡನೆಯದನ್ನು ಓರೆ ಮಾಡಿದ. "ನಿನ್ನ ಬಸ್ಸನ್ನ ನಾನಂತೂ ಹತ್ತಲ್ಲ ಕಣೋ" ಎಂದೆ. "ಮಕ್ಳು ಹತ್ತಾರೆ, ಅವಕ್ಕೆ ಬುದ್ಧಿ ಇಲ್ಲ" ಎಂದ. ಮೂರನೆಯದು ಪರವಾಗಿಲ್ಲ ಎನ್ನುವ ಹಾಗೆ ಬಂತು. ಜನವರಿಯಲ್ಲಿ ಹಳೆಯ ಪಂಚಾಂಗದ ನಮ್ಮ ಕ್ರಿಸ್ಮಸ್ ಕಳೆದ ಮೇಲೆ, ಇನ್ನು ಹ್ರಿನ್ಯಾಕನದನ್ನು ಮುಟ್ಟಬಹುದು ಎಂದೆ.

ಹಾಗೆ ಅವರ ಮನೆಯಲ್ಲಿ ಸಂಜೆಯ ಕೆಲಸ ಶುರುವಾಯಿತು. ಊಟದ ಮೇಲೆ ಮೇಜು ಒರೆಸಿ, ದೀಪವನ್ನು ಕೆಳಕ್ಕೆಳೆದು ಅವನು ಕಲ್ಲು ಹಿಡಿದು ಕೂರುವನು. ಉಜ್ಜಿ, ಜೋಡಿಸಿ, ಖಾಲಿ ತೋಟಾ ತುಂಬಿ ಅವಳ ಕೈಗೆ ಕೊಡುವನು. ಅವಳು ಎಡಗೈಯಲ್ಲಿ ಹ್ಯಾಮರ್ ಎತ್ತಿ, ಗೋಡೆಗೆ ಅಂಟಿಸಿದ ಕಪ್ಪು ಚುಕ್ಕೆಗೆ ಹಿಡಿದು ಎಳೆಯುವಳು. ವಾರಕ್ಕೆರಡು ಸಲವಾದರೂ ನಾನು ಅಲ್ಲಿರುತ್ತಿದ್ದೆ.

"ಹೆಂಗಿದೆ?"

"ಗಟ್ಟಿ ಇದೆ ಕಣೋ ಡೆಲ್. ನಿನ್ನ ಬಸ್ಸಿನ ಬ್ರೇಕ್ ಥರ."

"ಎಲ್ಲಿ ಗಟ್ಟಿ? ಮೊದಲಾ, ಕೊನೇಗಾ?"

"ಕೊನೇಗೆ. ಇನ್ನೊಂದು ಚೂರು ತೆಗಿ, ಸರಿ ಹೋಗತ್ತೆ."

ಅವನು ಮತ್ತೆ ಬಿಚ್ಚುವನು. ಮರುದಿನ ಅವಳು ಎಳೆದು ನೋಡಿ, "ನಿನ್ನೆಗಿಂತ ವಾಸಿ" ಎನ್ನುವಳು. ನಾಲ್ಕು ದಿನ ಕಳೆದರೆ ಮತ್ತೆ ಗಟ್ಟಿ. ಅವನ ಕೆಲಸ ದಿನೇದಿನೇ ಚೆನ್ನಾಗುತ್ತಿತ್ತು. ಒಂದು ಸಂಜೆ ನಾನೇ ಎಳೆದು ನೋಡಿದೆ. ತಂತಿ ಗಿರಣಿಯಲ್ಲಿ ಅಚ್ಚುಗಳನ್ನು ನುಣುಪು ಮಾಡಿಯೇ ನನ್ನ ಕೈ ಸವೆದದ್ದು. ಟ್ರಿಗರ್ ಎಲ್ಲೂ ತೊಡರದೆ, ಗಾಜು ಮುರಿದ ಹಾಗೆ ಚಟಕ್ಕನೆ ಬಿಟ್ಟಿತು. ಅವಳ ಕೈಗೆ ಕೊಟ್ಟೆ. ಅವಳ ಮೊಣಕೈಯವರೆಗೂ ನಡುಕ ಬಂತು, ತುಟಿ ಕಚ್ಚಿದಳು, ಆಮೇಲೆ ಹ್ಯಾಮರ್ ಬಿತ್ತು.

"ಗಟ್ಟಿ ಇದೆ" ಎಂದಳು.

ಡೆಲ್ಬರ್ಟ್ ಸೌದೆ ತರಲು ಹೊರಗೆ ಹೋದ. ಬಾಗಿಲು ಮುಚ್ಚಿಕೊಂಡದ್ದೇ ಅವಳು ನನ್ನ ಕಡೆ ತಿರುಗಿದಳು.

"ಅವನಿಗೆ ಹೇಳ್ಬೇಡಿ ಉಯ್ಕೋ."

"ಏನಂತ?"

"ಟ್ರಿಗರ್ ಅಲ್ಲ, ಬೆರಳು ಅಂತ. ನಿಮಗೆ ಗೊತ್ತಾಗಿದೆ ಅಂತ ನಂಗೊತ್ತು. ಸಂಜೆ ಹೊತ್ತು ಅವನಿಗೆ ಕೈಗೊಂದು ಕೆಲಸ ಇರ್ಲಿ. ಕೆಲಸ ಇಲ್ದೇ ಇದ್ರೆ ಸುಮ್ನೆ ನನ್ನನ್ನೇ ನೋಡ್ತಾ ಕೂತಿರ್ತಾನೆ. ಅದು ನನ್ ಕೈಲಿ ತಡ್ಕೊಳಕ್ಕಾಗಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವನು ಸೌದೆ ತಂದು ಸುರಿದ.

ಫೆಬ್ರವರಿ ಕೊನೆಗೆ ಅವಳು ಗುರುವಾರದ ಸಾಲಿನಲ್ಲಿ ನಿಲ್ಲುವುದನ್ನು ಬಿಟ್ಟಳು. ಇದ್ದ ಬಲವನ್ನೆಲ್ಲ ಕೊನೆಯ ಪಂದ್ಯಕ್ಕೆ ಉಳಿಸಿಕೊಳ್ಳುತ್ತೇನೆ ಎಂದಳು. ತೂಗಲು ಮಾತ್ರ ಬರುತ್ತಿದ್ದಳು, ಎರಡೂ ಕೈ ಹಿಡಿದು ಎತ್ತುವಳು. ಆ ವಾರ ನಾನು ಸೀಸದ ತೂಕವನ್ನು ಅವರ ಮನೆಗೆ ಒಯ್ದು ಪಿಸ್ತೂಲನ್ನು ತೂಗಿದೆ. ತೂಕ ಮೇಲೆದ್ದಿತು. ಕೂದಲೆಳೆಯಷ್ಟೇ ಬಾಕಿ ಎನ್ನುವುದು ನನ್ನ ಕೈಗೆ ತಿಳಿಯಿತು.

"ಸಾಕು ಡೆಲ್ಬರ್ಟ್. ಇದಕ್ಕಿಂತ ಆಗಲ್ಲ. ಇನ್ನು ಕಲ್ಲು ಮುಟ್ಬೇಡ" ಎಂದೆ.

"ಮುಟ್ಟಲ್ಲ" ಎಂದ.

ಮಾರ್ಚ್ ಕೊನೆಯ ಗುರುವಾರ ಹಗಲೆಲ್ಲ ಹಿಮ ಕರಗಿ ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಕೆಳಗಿನ ಕೋಣೆ ತುಂಬಿತ್ತು. ಹಿಂದಿನ ವರ್ಷ ಬಾರದವರೂ ಬಂದಿದ್ದರು. ಯಾರೂ ಅವಳ ಕೈ ನೋಡಲಿಲ್ಲ. ಎಲ್ಲರೂ ಅವಳ ಹೊಸ ನೀಲಿ ಸ್ವೆಟರನ್ನೇ ಹೊಗಳಿದರು. ಅದರ ಗುಂಡಿಗಳನ್ನು ಡೆಲ್ಬರ್ಟ್ ಹಾಕಿದ್ದ, ಒಂದು ತಪ್ಪಿ ಮೇಲಿನದು ಕೆಳಗೆ ಬಂದಿತ್ತು. ಸಾಲು ನಡೆಸುವ ರೂಡಿ ಬಾರ್ನಾ, "ಇವತ್ತು ನಮ್ಗೆಲ್ಲಾ ಎರಡನೇ ಸ್ಥಾನಕ್ಕೇ ಜಗಳ ಕಣ್ರೋ" ಎಂದ.

"ನಿಂಗೆ ಎರಡನೇದೂ ಎಲ್ಲಿಂದ ಬಂತು ರೂಡಿ?" ಎಂದಳು ಟೆಕ್ಲಾ.

ಅವಳು ಎಲ್ಲರದನ್ನೂ ತೂಗಿ ಮುಗಿಸಿದಳು. ಎಲ್ಲವೂ ಎದ್ದವು. ಕೊನೆಗೆ ತನ್ನದನ್ನು ಪೆಟ್ಟಿಗೆಯಿಂದ ತೆಗೆಸಿ ನನ್ನ ಮುಂದಿಟ್ಟಳು. ಡೆಲ್ಬರ್ಟ್ ಆ ದಿನ ಬೆಂಚಿನಲ್ಲಿ ಕೂರಲಿಲ್ಲ, ಪತ್ರಿಕೆಯನ್ನೂ ತಂದಿರಲಿಲ್ಲ. ಖಾಲಿ ಪೆಟ್ಟಿಗೆ ಹಿಡಿದುಕೊಂಡು ಮೇಜಿನ ಪಕ್ಕದಲ್ಲೇ ನಿಂತಿದ್ದ.

ಹ್ಯಾಮರ್ ಎತ್ತಿದೆ. ತೂಕ ಸಿಕ್ಕಿಸಿದೆ. ಮೆಲ್ಲಗೆ ಮೇಲೆತ್ತಿದೆ.

ಟಕ್.

ಕೋಣೆಯಲ್ಲಿ ಅಷ್ಟು ಜನರಿದ್ದರೂ ಆ ಸದ್ದು ಗೋಡೆಯಿಂದ ಗೋಡೆಗೆ ಹೋಯಿತು.

"ನಂಗೇನೂ ಕೇಳಿಸ್ಲಿಲ್ಲಪ್ಪ" ಎಂದ ರೂಡಿ. "ಯಾರಿಗಾದ್ರೂ ಏನಾದ್ರೂ ಕೇಳಿಸ್ತಾ?"

"ಇಲ್ಲ" ಎಂದರು ಒಬ್ಬಿಬ್ಬರು.

"ಗಿರಣಿ ಬಿಟ್ಟಾಗಿಂದ ನಂಗೆ ನನ್ ಹೆಂಡ್ತಿ ಮಾತೇ ಕೇಳ್ಸಲ್ಲ" ಎಂದ ಹಿಂದೆ ನಿಂತ ಒಬ್ಬ ಮುದುಕ. ಯಾರೂ ನಗಲಿಲ್ಲ.

ಟೆಕ್ಲಾ ನನ್ನನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ಉಯ್ಕೋ" ಎಂದಳು.

ಎರಡನೆಯ ಸಲ ತೂಕ ಮೇಜನ್ನು ಬಿಡುವ ಮೊದಲೇ ಹ್ಯಾಮರ್ ಬಿತ್ತು.

ಅವಳು ತೂಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಸೀಸದ ಮೇಲಿನ ಡಬ್ಬಿಯ ಉಂಗುರಗಳನ್ನು ಹೆಬ್ಬೆರಳು ಸವರಿತು. ಆಮೇಲೆ ಡೆಲ್ಬರ್ಟನ ಕಡೆ ತಿರುಗಿ, ಇಷ್ಟು ವರ್ಷ ನಮಗೆಲ್ಲ ಹೇಳಿದ ದನಿಯಲ್ಲೇ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ, "ಮುಂದಿನ ಗುರುವಾರ ಬಾ" ಎಂದಳು.

"ಟೆಕ್ಲಾ" ಎಂದ ರೂಡಿ. "ಇವತ್ತು ಕೊನೇದು ಕಣೇ. ಮುಂದಿನ ಗುರುವಾರ ಅಂತ ಇಲ್ಲ. ಹೊಡೀ ಸುಮ್ನೆ. ಯಾರ್ ಕೇಳ್ತಾರೆ ಇಲ್ಲಿ?"

"ನಾನ್ ಕೇಳ್ತೀನಲ್ಲಾ ರೂಡಿ. ಅಪ್ಪನ್ನೇ ಬಿಟ್ಟಿಲ್ಲ, ನನ್ನನ್ನ ಬಿಟ್ಕೋತೀನಾ?" ತೂಕವನ್ನು ಕೆಳಗಿಟ್ಟಳು. "ಒಂದು ಮಾಡು. ಇವತ್ತು ನನ್ನ ಜಾಗದಲ್ಲಿ ನೀನು ಹೊಡಿ. ಸಾಲು ಕೂಗೋ ಕೆಲಸ ನಂಗ್ ಕೊಡು. ಬಾಯಿ ಇನ್ನೂ ಗಟ್ಟಿ ಇದೆ."

ಹಿಂದಿನ ಎತ್ತರದ ಕುರ್ಚಿಯಲ್ಲಿ ಅವಳು ಕೂತಳು. ಗುರಿಗಳ ಮೇಲೆ ದೀಪ ಹತ್ತಿತು. "ಬಲಗಡೆ ರೆಡಿ? ಎಡಗಡೆ ರೆಡಿ? ಸಾಲು ರೆಡಿ!" ಎಂದು ಕೂಗಿದಳು. ಹ್ರಿನ್ಯಾಕನದೇ ದನಿ ಅದು, ಗಣಿಯ ಸುರಂಗದಲ್ಲಿ ಕೂಗಿ ಅಭ್ಯಾಸವಾದವರ ದನಿ. ಅವಳು ಕೂಗಿದಾಗ ಹೊಡೆದೆವು, ನಿಲ್ಲಿಸೆಂದಾಗ ನಿಲ್ಲಿಸಿದೆವು. ಸಾಲಿನ ತುದಿಯಲ್ಲಿ ಅವಳ ಜಾಗ ಖಾಲಿಯಿತ್ತು. ರೂಡಿ ಅಲ್ಲಿ ನಿಲ್ಲಲಿಲ್ಲ, ಒತ್ತಟ್ಟಿಗೆ ಸರಿದು ನಮ್ಮ ಮಧ್ಯೆ ತೂರಿಕೊಂಡ. ಆ ಸಂಜೆ ನಮ್ಮಲ್ಲಿ ಯಾರೂ ಚೆನ್ನಾಗಿ ಹೊಡೆಯಲಿಲ್ಲ. ಕಣ್ಣು ಒದ್ದೆಯಾದರೆ ಕಪ್ಪು ಚುಕ್ಕೆ ಎರಡಾಗಿ ಕಾಣುತ್ತದೆ.

ಗೆದ್ದವನಿಗೆ ಕಪ್ ಕೊಡುವಾಗ ಅವಳು, "ನಮ್ಮಪ್ಪ ಇದ್ದಿದ್ರೆ ಈ ಅಂಕಕ್ಕೆ ಕಪ್ ಅಲ್ಲ, ಕಸಪೊರಕೆ ಕೊಡ್ತಿದ್ದ" ಎಂದಳು. ಆಗ ಮಾತ್ರ ಎಲ್ಲರೂ ನಕ್ಕರು.

ಶನಿವಾರ ಬೆಳಿಗ್ಗೆ ಡೆಲ್ಬರ್ಟ್ ಪೆಟ್ಟಿಗೆ ಹಿಡಿದು ಬಂದ. ಬೆಂಚಿನ ಮೇಲೆ ಪಿಸ್ತೂಲು ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದೆ. ಹ್ಯಾಮರಿನ ಮೆಟ್ಟಿಲಿನ ಮೇಲೆ ಗಟ್ಟಿ ಚರ್ಮ ಹೋಗಿ ಒಳಗಿನ ಬೂದು ಉಕ್ಕು ಕಾಣುತ್ತಿತ್ತು. ಅಂಚು ತೂಕಕ್ಕೆ ಮಡಚಿಕೊಂಡ ಹಾಗೆ ದುಂಡಗಾಗಿತ್ತು.

"ನಾನೇ ಹಾಳ್ ಮಾಡಿದ್ನಾ?"

ಸುಳ್ಳು ಹೇಳಿ ಉಪಯೋಗವಿರಲಿಲ್ಲ. ನೋಡುವುದನ್ನು ನಾನೇ ಅವನಿಗೆ ಕಲಿಸಿದ್ದೆ.

"ನಾನು ತೂಗಿದ್ಮೇಲೆ ಮತ್ತೆ ಕಲ್ಲು ಹಾಕಿದ್ಯಾ?"

"ಒಂದೇ ಒಂದ್ಸಲ. ನೀನು ಬಂದು ಹೋದ ವಾರಕ್ಕೆ. ಆ ಸಂಜೆ ಅವಳ ಕೈಲಿ ಎಳೆಯಕ್ಕೇ ಆಗ್ಲಿಲ್ಲ ಮಿಟ್ರೋ. ಎಷ್ಟು ಪ್ರಯತ್ನ ಪಟ್ರೂ ಆಗ್ಲಿಲ್ಲ. 'ಗಟ್ಟಿ ಇದೆ' ಅಂದ್ಲು. ನಾನೇನ್ ಹೇಳ್ಲಿ? ಕಲ್ಲು ತಗೊಂಡೆ. ಮಾರನೇ ದಿನ ಬೆಣ್ಣೆ ಥರ ಆಗಿತ್ತು. ಅಡುಗೆಮನೆ ತಕ್ಕಡೀಲಿ ಎರಡು ಪೌಂಡಿನ ಸಕ್ಕರೆ ಚೀಲ ತೂಗಿ, ಅದನ್ನೇ ಕಟ್ಟಿ ನೋಡ್ದೆ, ಎತ್ತಿತು. ಅವಳು ಎಳೆದು ನಕ್ಕಳು. 'ಆಯ್ತು ಕಣೋ ಡೆಲ್, ನೀನು ಗೆದ್ದೆ' ಅಂದ್ಲು. ಆಮೇಲೆ ದಿನಾ ಕೂತು ಅಭ್ಯಾಸ ಮಾಡಿದ್ಲು. ನಾನು ಮತ್ತೆ ತೂಗ್ಲೇ ಇಲ್ಲ."

ಆ ಅಭ್ಯಾಸವೇ ಅದನ್ನು ತಿಂದಿತ್ತು. ಅವಳು ಎಳೆದಷ್ಟೂ ಒಳಗಿನ ಮೆತ್ತನೆಯ ಉಕ್ಕು ಸವೆದಿತ್ತು. ಅವಳ ಬೆರಳು ಸೋಲುತ್ತಾ ಹೋದ ಹಾಗೆ ಟ್ರಿಗರೂ ಸೋಲುತ್ತಾ ಬಂದದ್ದರಿಂದ ಇಬ್ಬರಿಗೂ ಗೊತ್ತಾಗಿರಲಿಲ್ಲ.

"ಡೆಲ್ಬರ್ಟ್, ಇದು ಎರಡು ಪೌಂಡಲ್ಲೇ ನಿಂತಿದ್ರೂ ಗುರುವಾರ ಅವಳು..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡೆ. ಮಾತು ಕೊಟ್ಟದ್ದು ನೆನಪಾಯಿತು.

"ಎಳೀತಿರ್ಲಿಲ್ಲ. ಗೊತ್ತು" ಎಂದ ಅವನು. ಕೊಕ್ಕೆಯನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದ. "ನಿನ್ ಹತ್ರ ಮೊದಲ್ನೇ ದಿನ ಬಂದಾಗ್ಲೇ ಗೊತ್ತಿತ್ತು. ಟ್ರಿಗರ್ ಅಲ್ಲ, ಅವಳ ಬೆರಳು ಅಂತ. ಆದ್ರೆ ಅವಳು ಟ್ರಿಗರ್ ಗಟ್ಟಿ ಇದೆ ಅಂತಾಳೆ. ಅವಳಿಗೆ ಹಾಗೇ ಇರ್ಲಿ ಅಂತ ಉಜ್ಜಿದೆ. ಈ ವಿಷಯ ಅವಳಿಗೆ ಹೇಳ್ಬೇಡ."

ಆಯಿತು ಎಂದೆ. ಇಬ್ಬರಿಗೂ ಮಾತು ಕೊಟ್ಟ ಹಾಗಾಯಿತು. ಇಬ್ಬರದೂ ಒಂದೇ ಮಾತು. ಇಬ್ಬರಿಗೂ ಕೊಟ್ಟದ್ದನ್ನು ನಾನು ಮುರಿಯಲಿಲ್ಲ.

ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

"ಹೊಸ ಹ್ಯಾಮರ್ ಸಿಗತ್ತಾ?"

"ಹುಡುಕಿದ್ರೆ ಹಳೇದೊಂದು ಸಿಗಬಹುದು."

"ಸರಿಯಾಗಿ ಮಾಡ್ಬೇಕು. ಎರಡು ಪೌಂಡ್ ಎತ್ತೋ ಹಾಗೆ."

"ಯಾರಿಗೆ ಡೆಲ್ಬರ್ಟ್?"

ಅವನು ಕೊಕ್ಕೆಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಹ್ಯಾಮರ್ ಸಿಕ್ಕಿತು. ಬೇಸಿಗೆಯ ರಜೆಯಲ್ಲಿ ಬಸ್ಸು ನಿಂತಾಗ ಅವನು ದಿನವೂ ಬಂದು ಕೂತ. ಈ ಸಲ ಶಾಯಿ ಬಳಿದು, ಒಂದು ಸಲ ಎಳೆದು, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಶಾಯಿ ಬಳಿದು ಮಾಡಿದ. ನಾನು ಬಾಯಿ ಹಾಕಬೇಕಾಗಲಿಲ್ಲ. ಮುಗಿಯುವ ಹೊತ್ತಿಗೆ ಟೆಕ್ಲಾ ಗಾಲಿಕುರ್ಚಿಯಲ್ಲಿದ್ದಳು. ಮಾತು ತೊದಲುತ್ತಾ ಬಂದು, ಸೇಬು ಕೀಳುವ ಕಾಲಕ್ಕೆ ಪೂರ್ತಿ ನಿಂತುಹೋಗಿತ್ತು. ಕಣ್ಣಿನಲ್ಲೇ ಹೇಳುತ್ತಿದ್ದಳು. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ.

ಪಿಸ್ತೂಲನ್ನು ಅವಳ ಮುಂದೆ ಹಿಡಿದು ಡೆಲ್ಬರ್ಟ್ ಹ್ಯಾಮರ್ ಎತ್ತಿದ. ನಾನು ಸೀಸದ ತೂಕವನ್ನು ಒಯ್ದಿದ್ದೆ. ಅದನ್ನು ಸಿಕ್ಕಿಸಿ, ಅದೇ ಅಡುಗೆಮನೆಯ ಮೇಜಿನಿಂದ ಎತ್ತಿದೆ. ತೂಕ ಮೇಲೆದ್ದು ಅವಳ ಮುಖದ ಮುಂದೆ ತೂಗಾಡಿತು, ಬೀಳಲಿಲ್ಲ. ಅದು ತೂಗಾಡುವುದು ನಿಲ್ಲುವವರೆಗೂ ಅವಳು ನೋಡಿದಳು. ಯಾರದನ್ನು ತೂಗಿದರೂ ಅಷ್ಟು ಹೊತ್ತು ನೋಡುವುದು ಅವಳ ಅಭ್ಯಾಸ.

"ಪಾಸಾ?" ಎಂದ ಡೆಲ್ಬರ್ಟ್.

ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆಯಲು ಬಹಳ ಹೊತ್ತಾಯಿತು. ತೆರೆದಾಗ ಎರಡೂ ಕಡೆ ನೀರು ಇಳಿಯಿತು, ಒರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ. ಅವನು ತನ್ನ ಅಂಗಿಯ ತೋಳಿನಲ್ಲಿ ಒರೆಸಿದ. ಎಣ್ಣೆ ಮೆತ್ತಿದ ತೋಳು, ಕೆನ್ನೆಯ ಮೇಲೆ ಕಪ್ಪು ಗೀರು ಉಳಿಯಿತು.

ನವೆಂಬರಿನಲ್ಲಿ ಲೀಗು ಮತ್ತೆ ಶುರುವಾದಾಗ ಡೆಲ್ಬರ್ಟ್ ಆ ಪಿಸ್ತೂಲು ಹಿಡಿದು ಸಾಲಿನ ತುದಿಯಲ್ಲಿ ಅವಳ ಜಾಗಕ್ಕೆ ಬಂದು ನಿಂತ. ಗುಂಡುಗಳು ಕಾಗದವನ್ನು ಬಿಟ್ಟು ಬೇರೆಲ್ಲ ಕಡೆಗೂ ಹೋದವು. "ಕಾಗದದ ಮೇಲೆ ಹೊಡಿಯೋ, ಗೋಡೆ ನಿಂಗೇನ್ ಮಾಡಿದೆ?" ಎಂದು ರೂಡಿ ರೇಗಿಸಿದ. ಡೆಲ್ಬರ್ಟ್ ಅಲ್ಲೊಂದು ಇಲ್ಲೊಂದು ತೂತು ಬಿದ್ದ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟು ಮನೆಗೆ ಒಯ್ಯುತ್ತಿದ್ದ. ಅದನ್ನು ಕಂಡರೆ ಅವಳ ಕಣ್ಣು ನಗುತ್ತವೆ ಎಂದು ನನಗೆ ಹೇಳಿದ. ಚಳಿಗಾಲವೆಲ್ಲ ಒಂದು ಗುರುವಾರವನ್ನೂ ಅವನು ತಪ್ಪಿಸಲಿಲ್ಲ. ಅವಳ ಉಸಿರಿಗೆ ಯಂತ್ರ ಬಂದ ವಾರವೂ, ಹೋಗು ಎಂದು ಅವಳೇ ಕಣ್ಣು ಮುಚ್ಚಿ ಹೇಳಿದಳಂತೆ.

ಆ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ತಿಂಗಳು ಬೇಗ ಬಂತು. ಜನ ಮಾಂಸ ಬಿಡುವ ಆ ದಿನಗಳಲ್ಲಿ ಪಿರೋಹಿಗೆ ಗಿರಾಕಿ ಜಾಸ್ತಿ, ನೆಲಮಾಳಿಗೆಯಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ನಾನು ಕೊಪ್ಪರಿಗೆಯ ಮುಂದಿದ್ದೆ. ಮೆಟ್ಟಿಲ ಮೇಲಿನ ಫೋನ್ ಹೊಡೆದುಕೊಂಡಿತು, ಆನಾ ಹತ್ತಿ ಹೋದಳು. ಕಂಬಿ ಹಿಡಿದುಕೊಂಡು ಮೆಲ್ಲಗೆ ಇಳಿದು ಬಂದಳು. ಮೇಜಿನ ಹೆಂಗಸರೆಲ್ಲ ಅವಳ ಮುಖ ನೋಡಿ ಕೈ ನಿಲ್ಲಿಸಿದರು. ಟೆಕ್ಲಾ ಕೂರುತ್ತಿದ್ದ ಕುರ್ಚಿಯಲ್ಲಿ ವರ್ಷದ ಮೇಲಾದರೂ ಯಾರೂ ಕೂತಿರಲಿಲ್ಲ. ಆನಾ ಹೋಗಿ ಅದರ ಬೆನ್ನನ್ನು ಹಿಡಿದುಕೊಂಡು ನಿಂತಳು.

ನಾನು ಒಲೆ ಆರಿಸಿದೆ. ಟೆಕ್ಲಾ ಹೋದದ್ದು ಬುಧವಾರ ಬೆಳಿಗ್ಗೆ, ಗುರುವಾರಕ್ಕೆ ಒಂದು ದಿನ ಮುಂಚೆ.